ಬ್ಲೂ ನೋಟ್ ಮೂಲ ಪ್ರೆಸ್ಸಿಂಗ್, ಹೊಸ ರೀಇಶ್ಯೂ, ಇಲ್ಲಾ ಸಿಡಿ: ಜಾಝ್ ಸಂಗ್ರಹಕ್ಕೆ ದುಡ್ಡು ಎಲ್ಲಿ ಹಾಕೋದು?

ಮಲ್ಲೇಶ್ವರಂ_ಮೋನೋ

ಹಾರ್ಡ್ ಬಾಪ್ (ಐವತ್ತರ ದಶಕದ ಒಂದು ಜಾಝ್ ಶೈಲಿ) ಸಂಗ್ರಹ ಕಟ್ಟೋರಿಗೆ ಈಗ ನಾಲ್ಕು ದಾರಿ ಇವೆ. ಅಮೆರಿಕದ ಮೂಲ ಪ್ರೆಸ್ಸಿಂಗ್ (ಆಲ್ಬಮ್ ಬಂದ ಕಾಲದಲ್ಲೇ ಒತ್ತಿದ ಪ್ಲೇಟ್), ಜಪಾನಿನ ಹಳೇ ಪ್ರೆಸ್ಸಿಂಗ್, ಟೋನ್ ಪೊಯೆಟ್ (ಬ್ಲೂ ನೋಟ್ ಅನ್ನೋ ಅಮೆರಿಕದ ಜಾಝ್ ಕಂಪನಿಯ ಸರಣಿ) ಥರದ ಹೊಸ ರೀಇಶ್ಯೂ, ಇಲ್ಲಾ ಸಿಡಿ. ಬೆಲೆ ನೋಡಿದ್ರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಸ್ಯಾಕ್ಸ್ ವಾದಕ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ತಗೊಳ್ಳಿ. ಬ್ಲೂ ನೋಟ್ ಕ್ರಮಸಂಖ್ಯೆ 1577, 1957ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ರೆಕಾರ್ಡ್ ಮಾಡಿದ್ದು. ಆನ್‌ಲೈನ್‌ನಲ್ಲಿ ಒಂದು ಕಾಪಿ ಇದೆ: ‘ಒರಿಜಿನಲ್, ರನ್‌ಔಟ್‌ನಲ್ಲಿ ಆರ್‌ವಿಜಿ ಇದೆ, ಕಂಡೀಷನ್ ವಿಜಿ’ ಅಂತ ಬರೆದು, ರೀಇಶ್ಯೂಗಿಂತ ಹತ್ತು ಪಟ್ಟು ಬೆಲೆ ಹಾಕಿದ್ದಾರೆ. ರನ್‌ಔಟ್‌ನಲ್ಲಿ (ಹಾಡು ಮುಗಿದ ಮೇಲಿನ ಖಾಲಿ ಪಟ್ಟಿ) ಆರ್‌ವಿಜಿ, ಅಂದ್ರೆ ರೂಡಿ ವ್ಯಾನ್ ಗೆಲ್ಡರ್ ಹೆಸರಿನ ಮೊದಲಕ್ಷರ, ಇದ್ದ ಮಾತ್ರಕ್ಕೆ ಮೊದಲ ಪ್ರೆಸ್ಸಿಂಗ್ ಅಂತ ನಂಬಬಹುದಾ?

ಎರಡನೇ ಪ್ರಶ್ನೆ. ಅಂಗಡಿಗಳಲ್ಲಿ ಸಿಡಿ ಕಪಾಟೇ ಖಾಲಿ ಆಗ್ತಿದೆ. ಈ ಹೊತ್ತಲ್ಲಿ ಸಿಡಿ ಕೊಳ್ಳೋದು ಬುದ್ಧಿವಂತಿಕೆನಾ, ದಂಡನಾ?

ಹಾರ್ಡ್‌ಬಾಪ್_ಹುಬ್ಬಳ್ಳಿ

ಬರೇ ಆರ್‌ವಿಜಿ ನೋಡಿ ರೊಕ್ಕ ಕೊಡಬ್ಯಾಡ್ರಿ. ಅದು ಲ್ಯಾಕರ್ (ಮೊದಲ ಗ್ರೂವ್ ಕೊರಿಯೂ ಮೂಲ ತಟ್ಟೆ) ಕಟ್ ಮಾಡಿದವರು ಯಾರು ಅಂತ ಹೇಳತೈತಿ, ಪ್ಲೇಟ್ ಯಾವಾಗ ಒತ್ತಿದ್ದು ಅಂತ ಹೇಳೂದಿಲ್ಲ. 1965–66ರ ಹೊತ್ತಿಗೆ ಬ್ಲೂ ನೋಟ್ ಕಂಪನಿ ಲಿಬರ್ಟಿ ಅನ್ನೂ ಇನ್ನೊಂದು ರೆಕಾರ್ಡ್ ಕಂಪನಿಯವರ ಕೈಗೆ ಹೋತು. ಅವರು ಹಳೇ ಮೆಟಲ್ ಅಚ್ಚು ಇಟ್ಟುಕೊಂಡೇ ಒತ್ತಿಸಿದ್ರು, ಹಂಗಾಗಿ ಲಿಬರ್ಟಿ ಕಾಲದ ಪ್ಲೇಟ್‌ನ್ಯಾಗೂ ಅದೇ ಗುರುತು ಇರತೈತಿ.

ನೋಡಬೇಕಾದ್ದು ಬ್ಲೂ ನೋಟ್ ಪ್ಲೇಟ್ ಒತ್ತತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು. ರನ್‌ಔಟ್‌ನ್ಯಾಗ ಕಿವಿ ಆಕಾರದ ಒಂದು ಸಣ್ಣ ಗೀರು ಇರತೈತಿ. ಖರೇ ಹೇಳಬೇಕಂದ್ರ ಅದು ಓರೆಯಾಗಿ ಬರೆದ ಇಂಗ್ಲಿಷಿನ ‘ಪಿ’ ಅಕ್ಷರ. 1966ರ ತನಕದ ಪ್ಲೇಟಿನ ಮ್ಯಾಲೆ ಮಾತ್ರ ಸಿಗತೈತಿ. ಆಮ್ಯಾಲೆ ಲೇಬಲ್ ವಿಳಾಸ ನೋಡ್ರಿ: 1577ಕ್ಕ ‘47 ವೆಸ್ಟ್ 63ರ್ಡ್’ ಅಂತ ಇರಬೇಕು. ‘ನ್ಯೂಯಾರ್ಕ್ ಯುಎಸ್‌ಎ’ ಅಂತಿದ್ರ ಸುಮಾರು 1962ರಿಂದ ಈಚೆಗಿನದು. ಅಡಿಯಾಗ ‘ಎ ಡಿವಿಷನ್ ಆಫ್ ಲಿಬರ್ಟಿ’ ಅಂತಿದ್ರ ಅಲ್ಲಿಗೆ ಮುಗೀತು.

ಮಾರೂರ ಹತ್ರ ಎರಡೂ ಕಡೆಯ ಲೇಬಲ್ ಫೋಟೋ, ಎರಡೂ ಕಡೆಯ ರನ್‌ಔಟ್ ಫೋಟೋ ಕೇಳ್ರಿ. ಓರೆ ಬೆಳಕಿನಾಗ ತಗದಿರಬೇಕು. ಕೊಡಾಕ ಹಿಂದಮುಂದ ನೋಡಿದ್ರ ಬಿಟ್ಟುಬಿಡ್ರಿ.

ಸೂಜಿಮೊನೆ

ಹುಬ್ಬಳ್ಳಿಯವರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಲೇಬಲ್ ವಿಳಾಸವನ್ನೂ ಕುರುಡಾಗಿ ನಂಬಬೇಡಿ. ಉಳಿದ ಲೇಬಲ್ ಕಾಗದವನ್ನು ಕಂಪನಿಯವರು ಎಸೆಯುತ್ತಿರಲಿಲ್ಲ. ಲಿಬರ್ಟಿಯವರು ಒತ್ತಿಸಿದ ಎಷ್ಟೋ ಪ್ಲೇಟ್‌ಗಳಿಗೆ ಹಳೇ ‘ನ್ಯೂಯಾರ್ಕ್ ಯುಎಸ್‌ಎ’ ಲೇಬಲ್ಲೇ ಇದೆ, ‘ಪಿ’ ಮಾತ್ರ ಇಲ್ಲ. ಒಂದು ಕಡೆ ಒಂದು ವಿಳಾಸ, ಇನ್ನೊಂದು ಕಡೆ ಇನ್ನೊಂದು ವಿಳಾಸ ಇರುವ ಕಾಪಿಗಳೂ ಇವೆ.

ಕಂಡೀಷನ್ ಬಗ್ಗೆ: ಗೋಲ್ಡ್‌ಮೈನ್ ಶ್ರೇಣಿಯಲ್ಲಿ (ಹಳೇ ಪ್ಲೇಟಿನ ಸ್ಥಿತಿ ಅಳೆಯುವ ಕ್ರಮ) ‘ವಿಜಿ’, ಅಂದರೆ ವೆರಿ ಗುಡ್, ಅನ್ನುವುದನ್ನು ‘ಬಹಳ ಚೆನ್ನಾಗಿದೆ’ ಅಂತ ಓದಿಕೊಳ್ಳಬೇಡಿ. ಸದ್ದಿಲ್ಲದ ಕಡೆ ಚರಚರ ಕೇಳುವ, ಗೀರು ಉಗುರಿಗೆ ತಾಗುವ ಪ್ಲೇಟ್ ಅದು. ಹಾಡಿಸಿ ಕೇಳಬೇಕು ಅಂದರೆ ಕನಿಷ್ಠ ‘ವಿಜಿ ಪ್ಲಸ್’ ಬೇಕು. ಅದಕ್ಕಿಂತ ಮುಖ್ಯ, ಕಣ್ಣಿಗೆ ಕಾಣದ ಸವೆತ. ಆ ಕಾಲದ ಭಾರದ ಟೋನ್‌ಆರ್ಮ್‌ಗಳು (ಮುಳ್ಳು ಹಿಡಿದಿರುವ ಕೈ) ಐದು ಗ್ರಾಂ, ಅದಕ್ಕೂ ಹೆಚ್ಚು ಒತ್ತಡ ಹಾಕುತ್ತಿದ್ದವು. ಪ್ಲೇಟ್ ಫಳಫಳ ಹೊಳೆಯುತ್ತದೆ, ಆದರೆ ಟ್ರಂಪೆಟ್ ಜೋರಾಗಿ ಏರಿದ ಕಡೆ, ಅದರಲ್ಲೂ ಒಳಸುತ್ತಿನ ಕೊನೆಯ ಹಾಡಿನಲ್ಲಿ, ದನಿ ಹರಿದುಹೋಗುತ್ತದೆ. ಯಾವ ತೊಳೆಯುವ ಯಂತ್ರವೂ ಅದನ್ನು ಸರಿಮಾಡಲಾರದು. ಆದ್ದರಿಂದ ಮಾರುವವರಿಗೆ ಕೇಳಬೇಕಾದ ಪ್ರಶ್ನೆ ‘ಗೀರು ಇದೆಯಾ’ ಅಲ್ಲ, ‘ಎರಡೂ ಕಡೆಯ ಕೊನೆಯ ಹಾಡು ಹಾಡಿಸಿ ನೋಡಿದ್ದೀರಾ’ ಅಂತ.

ಬೆಳ್ಳಿಬಿಲ್ಲೆ

ಹತ್ತು ಪಟ್ಟು ದುಡ್ಡು ಕೊಟ್ಟು ಚರಚರ ಕೇಳೋದ್ಯಾಕೆ ಅಂತ ನನಗೆ ಅರ್ಥ ಆಗಲ್ಲ. ಸಿಡಿ ತಗೊಳ್ಳಿ.

ಹಾರ್ಡ್‌ಬಾಪ್_ಹುಬ್ಬಳ್ಳಿ

ಬೆಳ್ಳಿಬಿಲ್ಲೆ ಅವ್ರ, 1957ರ ಟೇಪ್ ಆಗ ಹೊಸಾದಿತ್ತು. ಅದರಿಂದ ಅದೇ ಹೊತ್ತಿನ್ಯಾಗ ಕಟ್ ಮಾಡಿದ ಪ್ಲೇಟ್‌ನ್ಯಾಗ ಸಿಂಬಲ್ ಹೊಡದ ಅಂಚು ಹೆಂಗ ಕೇಳತೈತಿ ಅನ್ನೂದು ಬ್ಯಾರೇನ. ಅರವತ್ತು ವರ್ಷ ಆದ ಟೇಪ್ ಮುದಿ ಆಗೇತಿ.

ನ್ಯೂಜೆರ್ಸಿ_ಕನ್ನಡತಿ

ಟೇಪ್ ಹೊಸದು ಅನ್ನೋದು ಒಪ್ಪಿದೆ. ಆದರೆ ವ್ಯಾನ್ ಗೆಲ್ಡರ್ ಅವರು ಆ ಕಾಲದ ಮನೆಯ ಪ್ಲೇಯರ್‌ಗಳಲ್ಲಿ ಮುಳ್ಳು ಹಾರಬಾರದು ಅಂತ ಕೆಳಗಿನ ಬಾಸ್ ಕತ್ತರಿಸಿ, ದನಿ ಒತ್ತಿ ಹಿಡಿದು ಕಟ್ ಮಾಡ್ತಿದ್ದರು. ಪಾಲ್ ಚೇಂಬರ್ಸ್ ಅವರ ಬಾಸ್ ಟೇಪಿನಲ್ಲಿ ಎಷ್ಟು ಕೆಳಗೆ ಇಳಿಯುತ್ತೋ ಮೂಲ ಪ್ಲೇಟಿನಲ್ಲಿ ಅಷ್ಟು ಇಳಿಯಲ್ಲ. ಟೋನ್ ಪೊಯೆಟ್ ಸರಣಿ ಶುರುವಾದದ್ದು 2019ರಲ್ಲಿ. ಜೋ ಹಾರ್ಲಿ ಮೇಲ್ವಿಚಾರಣೆ, ಕೆವಿನ್ ಗ್ರೇ ಮಾಸ್ಟರ್ ಟೇಪಿನಿಂದ ನೇರ ಲ್ಯಾಕರ್‌ಗೆ ಕಟ್ ಮಾಡ್ತಾರೆ, ಕ್ಯಾಲಿಫೋರ್ನಿಯಾದ ಆರ್‌ಟಿಐ ಕಾರ್ಖಾನೆಯಲ್ಲಿ ಒತ್ತಿಸ್ತಾರೆ. ಇಲ್ಲಿ ಅಮೆರಿಕದಲ್ಲಿ 35ರಿಂದ 40 ಡಾಲರ್. ಅಷ್ಟು ಬೇಡ ಅಂದರೆ ಬ್ಲೂ ನೋಟ್‌ನವರದೇ ಕ್ಲಾಸಿಕ್ ವಿನೈಲ್ ಸರಣಿ ಇದೆ. ಕಟ್ ಮಾಡೋದು ಅದೇ ಕೆವಿನ್ ಗ್ರೇ, ಒತ್ತೋದು ಜರ್ಮನಿಯ ಆಪ್ಟಿಮಲ್‌ನಲ್ಲಿ, ಜಾಕೆಟ್ ಸಾದಾ, ಬೆಲೆ ಸಾಕಷ್ಟು ಕಡಿಮೆ. ಕೇಳೋಕೆ ಅಂತ ಕೊಳ್ಳೋರಿಗೆ ನಾನು ಮೊದಲು ಹೇಳೋದು ಇದನ್ನೇ.

ಜಪಾನ್ ಬಗ್ಗೆ: ಕಿಂಗ್ ರೆಕಾರ್ಡ್ಸ್ 1977ರಿಂದ 1983ರವರೆಗೆ ಬ್ಲೂ ನೋಟ್ ಒತ್ತಿಸಿದರು, ಆಮೇಲೆ ತೋಷಿಬಾ. ಬಳಸಿದ್ದು ಅಮೆರಿಕದಿಂದ ಕಳಿಸಿದ ಟೇಪ್ ನಕಲು. ಆದರೆ ಪ್ಲೇಟಿನ ಗುಣಮಟ್ಟ ಅಂದರೆ ಅದು! ಮುಳ್ಳು ಇಟ್ಟದ್ದೇ ಗೊತ್ತಾಗಲ್ಲ. ಅಷ್ಟು ಮೌನ.

ಕಡಲತೀರ_45

180 ಗ್ರಾಂ ಪ್ಲೇಟ್ ಆದ್ರೆ ಸೌಂಡ್ ಒಳ್ಳೆದಿರ್ತದಲ್ಲಾ? ಯುರೋಪಿನದ್ದು ಅರ್ಧ ರೇಟಿಗೆ ಸಿಗ್ತದೆ ಮಾರಾಯ್ರೇ.

ಸೂಜಿಮೊನೆ

ಇಲ್ಲ. ಗ್ರಾಂ ಲೆಕ್ಕಕ್ಕೂ ಸದ್ದಿಗೂ ಸಂಬಂಧ ಇಲ್ಲ. ಮೂಲ ಬ್ಲೂ ನೋಟ್‌ಗಳು ಮೈ ತುಂಬ ಭಾರವೂ ಇವೆ, ಎಂಬತ್ತರ ದಶಕದ ತೆಳು ಜಪಾನಿ ಪ್ಲೇಟ್‌ಗಳು ಅದ್ಭುತವಾಗಿಯೂ ಇವೆ.

ಅರ್ಧ ಬೆಲೆಯ ಗುಟ್ಟು ಕಾನೂನಿನಲ್ಲಿದೆ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷ ಇತ್ತು. 2013ರಲ್ಲಿ ಅದನ್ನು 70ಕ್ಕೆ ಏರಿಸಿದರು, ಆದರೆ ಅಷ್ಟರಲ್ಲಿ ಅವಧಿ ಮುಗಿದಿದ್ದವಕ್ಕೆ ಹಕ್ಕು ಮರಳಲಿಲ್ಲ. ಹಾಗಾಗಿ 1962ರವರೆಗೆ ಬಂದ ಜಾಝ್ ಅಲ್ಲಿ ಯಾರು ಬೇಕಾದರೂ ಒತ್ತಬಹುದು. ಹಾಗೆ ಒತ್ತುವವರ ಕೈಯಲ್ಲಿ ಮಾಸ್ಟರ್ ಟೇಪ್ ಇರುವುದಿಲ್ಲ. ಬಹುತೇಕ ಸಿಡಿಯಿಂದಲೇ ತೆಗೆದು ಕಟ್ ಮಾಡಿರುತ್ತಾರೆ. ಜಾಕೆಟ್ ಹಿಂದೆ ಮಾಸ್ಟರಿಂಗ್ ಯಾರು ಮಾಡಿದರು, ಎಲ್ಲಿ ಕಟ್ ಆಯಿತು ಅಂತ ಒಂದು ಸಾಲೂ ಇಲ್ಲದೆ ‘180 ಗ್ರಾಂ’ ಅನ್ನುವ ಸ್ಟಿಕರ್ ಮಾತ್ರ ದೊಡ್ಡದಾಗಿದ್ದರೆ ಅಂಥದ್ದು ಅಂತ ತಿಳಿಯಿರಿ.

ಬೆಳ್ಳಿಬಿಲ್ಲೆ

ಅಂದ್ರೆ ಸಿಡಿಯನ್ನೇ ಎಲ್‌ಪಿ ಮಾಡಿ ಮಾರ್ತಿದ್ದಾರೆ, ಜನ ಸಿಡಿ ಬೇಡ ಅಂತ ಅದನ್ನ ತಗೊಳ್ತಿದ್ದಾರೆ. ಇದನ್ನೇ ನಾನು ಹೇಳ್ತಿರೋದು.

ರಾಗ_ಸ್ವಿಂಗ್

ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ತಾನೆ? ಹಾಗಿದ್ರೆ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ (1959) ಇಲ್ಲೇ ಒತ್ತಬಹುದಲ್ಲ?

ಸೂಜಿಮೊನೆ

ಧ್ವನಿಮುದ್ರಣ ಬೇರೆ, ರಚನೆಯ ಹಕ್ಕು ಬೇರೆ. ನಮ್ಮ ಕಾಯ್ದೆಯಲ್ಲಿ ರಚನೆಯ ಹಕ್ಕು ರಚನಕಾರರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಮೈಲ್ಸ್ ಡೇವಿಸ್ ತೀರಿಕೊಂಡದ್ದು 1991ರಲ್ಲಿ. ಲೆಕ್ಕ ಹಾಕಿ ನೋಡಿ.

ನ್ಯೂಜೆರ್ಸಿ_ಕನ್ನಡತಿ

‘ಕೈಂಡ್ ಆಫ್ ಬ್ಲೂ’ ಹೆಸರು ಬಂತಲ್ಲ, ಕೊಳ್ಳೋರಿಗೆ ಒಂದು ಎಚ್ಚರಿಕೆ. 1959ರ ಮಾರ್ಚ್ 2ರಂದು ಕೊಲಂಬಿಯಾದ 30ನೇ ಬೀದಿ ಸ್ಟುಡಿಯೋದಲ್ಲಿ ಎರಡು ಟೇಪ್ ಯಂತ್ರ ಓಡ್ತಿದ್ದವು. ಮುಖ್ಯ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಆ ಟೇಪನ್ನ ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಬದಿಯ ಮೂರೂ ಹಾಡು ಶ್ರುತಿಯಲ್ಲಿ ಮೇಲೇರಿ ಕೇಳ್ತವೆ. ಸರಿ ಇದ್ದದ್ದು ಎರಡನೇ ಯಂತ್ರದ ಟೇಪ್, ಅದನ್ನ ಬಳಸಿ ತಿದ್ದಿದ್ದು 1992ರ ಮರುಬಿಡುಗಡೆಯಲ್ಲಿ. ಅಂದರೆ ಆರು ಕಣ್ಣಿನ ಲೇಬಲ್ (ಕಣ್ಣಿನಂಥ ಆರು ಗುರುತಿರೋ ಕೊಲಂಬಿಯಾದ ಹಳೇ ಲೇಬಲ್) ಇರೋ ದುಬಾರಿ ಮೊದಲ ಪ್ರೆಸ್ಸಿಂಗ್‌ನಲ್ಲಿ (ಮೋನೋ ಸಿಎಲ್ 1355, ಸ್ಟೀರಿಯೋ ಸಿಎಸ್ 8163) ಶ್ರುತಿ ತಪ್ಪಿದೆ, 1997ರ ಸಾದಾ ಸಿಡಿಯಲ್ಲಿ ಸರಿ ಇದೆ. ಸ್ಯಾಕ್ಸ್ ಹಿಡಿದು ಜೊತೆಗೆ ನುಡಿಸಿ ಕಲಿಯೋ ಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ.

ಹಾರ್ಡ್‌ಬಾಪ್_ಹುಬ್ಬಳ್ಳಿ

ಅದೇನೋ ಖರೆ. ಆದ್ರ ಆರು ಕಣ್ಣಿನ ಪ್ಲೇಟ್ ಅಂದ್ರ ಆರು ಕಣ್ಣಿನ ಪ್ಲೇಟ ರೀ.

ಮಲ್ಲೇಶ್ವರಂ_ಮೋನೋ

ಮಾರಾಟದ ಅಂಕಿ ಗೊತ್ತಿರೋರು ಹೇಳ್ತೀರಾ? ವಿನೈಲ್ ಸಿಡಿಯನ್ನ ಹಿಂದೆ ಹಾಕ್ತು ಅಂತ ಪ್ರತಿ ವರ್ಷ ಸುದ್ದಿ ಬರುತ್ತೆ.

ನ್ಯೂಜೆರ್ಸಿ_ಕನ್ನಡತಿ

ಅಮೆರಿಕದ ಲೆಕ್ಕ, ಅಲ್ಲಿನ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಕೊಟ್ಟದ್ದು: 2020ರಲ್ಲಿ ವಿನೈಲ್ ಆದಾಯ ಸಿಡಿಯನ್ನ ದಾಟಿತು, 1986ರ ನಂತರ ಮೊದಲ ಸಲ. 2022ರಲ್ಲಿ ಪ್ಲೇಟಿನ ಸಂಖ್ಯೆಯೂ ದಾಟಿತು: 4.1 ಕೋಟಿ ಎಲ್‌ಪಿ, 3.3 ಕೋಟಿ ಸಿಡಿ. 2024ರಲ್ಲಿ ಎಲ್‌ಪಿ 4.4 ಕೋಟಿ, ಆದಾಯ 140 ಕೋಟಿ ಡಾಲರ್. ಆದರೆ 2000ನೇ ಇಸವಿಯಲ್ಲಿ ಆ ಒಂದೇ ದೇಶದಲ್ಲಿ 94 ಕೋಟಿಗೂ ಹೆಚ್ಚು ಸಿಡಿ ಹೋಗಿದ್ದವು. ವಿನೈಲ್ ಗೆದ್ದಿತು ಅನ್ನೋದಕ್ಕಿಂತ ಸಿಡಿ ಬಿದ್ದುಹೋಯಿತು ಅನ್ನೋದೇ ದೊಡ್ಡ ಸಂಗತಿ.

ಇನ್ನೊಂದು: ಆರ್‌ಐಎಎ ಕೊಡೋದು ಕಂಪನಿಗಳು ಅಂಗಡಿಗೆ ಕಳಿಸಿದ ಲೆಕ್ಕ. ಹಳೇ ಪ್ಲೇಟಿನ ವ್ಯಾಪಾರ ಅದರಲ್ಲಿ ಸೇರಲ್ಲ, ಜಾಝ್ ವ್ಯಾಪಾರ ಸಾಕಷ್ಟು ನಡೆಯೋದು ಅಲ್ಲಿ. ಏರಿಕೆಯನ್ನ ಎಳೀತಿರೋದು ಒಂದೇ ಆಲ್ಬಮ್ಮನ್ನ ಐದಾರು ಬಣ್ಣದಲ್ಲಿ ಬಿಡೋ ಪಾಪ್.

ಕಡಲತೀರ_45

ಪಾಪ್‌ನವರು ಕಾರ್ಖಾನೆ ಎಲ್ಲ ಹಿಡ್ಕೊಂಡ್ರೆ ಸಣ್ಣ ಜಾಝ್ ಲೇಬಲ್‌ನವರು ಎಂತ ಮಾಡುದು?

ರಾಗ_ಸ್ವಿಂಗ್

ಕಾಯೋದು. ಕಾರ್ಖಾನೆಯ ಸಾಲು ಒಂದು ಕಡೆ, ಲ್ಯಾಕರ್ ಇನ್ನೊಂದು ಕಡೆ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಸುಟ್ಟುಹೋದ ಮೇಲೆ ಕಟ್ ಮಾಡುವ ಲ್ಯಾಕರ್‌ಗೆ ಜಗತ್ತು ಹೆಚ್ಚುಕಡಿಮೆ ಜಪಾನಿನ ಎಂಡಿಸಿ ಕಂಪನಿ ಒಂದನ್ನೇ ನೆಚ್ಚಿಕೊಂಡಿತ್ತು. ಸಣ್ಣ ಲೇಬಲ್‌ಗೆ ಎಲ್‌ಪಿ ಅಂದರೆ ಕಟಿಂಗ್, ಮೆಟಲ್, ಟೆಸ್ಟ್ ಪ್ರೆಸ್ಸಿಂಗ್ ಎಲ್ಲ ಮುಂಗಡ ಖರ್ಚು. 300 ಪ್ಲೇಟ್ ಒತ್ತಿದರೂ ಅಷ್ಟೇ, 3000 ಒತ್ತಿದರೂ ಅಷ್ಟೇ. ಅದಕ್ಕೇ ಇವತ್ತಿನ ಎಷ್ಟೋ ಒಳ್ಳೆ ಜಾಝ್ ಸಿಡಿಯಲ್ಲಿ ಮಾತ್ರ ಬರುತ್ತೆ. ಅಂಥವರಿಂದ ನೇರ ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟ್‌ನಲ್ಲಿ ಕೊಳ್ಳಿ. ಸಿಡಿ, ಎಲ್‌ಪಿ ಮೇಲೆ ಆ ಸೈಟ್‌ನವರು ಹಿಡಿಯೋದು ಶೇ 10, ಪಾವತಿ ಶುಲ್ಕ ಕಳೆದು ಉಳಿದದ್ದು ಕಲಾವಿದರ ಕಡೆ ಹೋಗುತ್ತೆ.

ನಮ್ಮವರನ್ನೇ ನೋಡಿ. ಕದ್ರಿ ಗೋಪಾಲನಾಥರು ಕರ್ನಾಟಕ ಮೂಲದ ರುದ್ರೇಶ್ ಮಹಾಂತಪ್ಪ ಜೊತೆ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಪೈ ರೆಕಾರ್ಡಿಂಗ್ಸ್‌ನಿಂದ ಬಂದದ್ದು ಸಿಡಿಯಾಗಿ. ಎಲ್‌ಪಿಗೆ ಕಾಯ್ತಾ ಕೂತರೆ ಅದು ಸಂಗ್ರಹಕ್ಕೆ ಬರಲ್ಲ. ಎರಡು ಆಲ್ಟೊ ಸ್ಯಾಕ್ಸ್, ಒಂದೇ ವಾದ್ಯ ಎರಡು ಊರಿನ ನಾಲಿಗೆಯಲ್ಲಿ ಮಾತಾಡಿದ ಹಾಗೆ. ಸಿಕ್ಕರೆ ಬಿಡಬೇಡಿ.

ಕಡಲತೀರ_45

ಕದ್ರಿಯವರದ್ದು ಹೇಳಿದ್ರಲ್ಲ, ಖುಷಿ ಆಯ್ತು. ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಮಾಡಿದ್ದು ಯಾವ ಲೇಬಲ್?

ರಾಗ_ಸ್ವಿಂಗ್

‘ಜ್ಯೋತಿ’. ಜರ್ಮನಿಯ ಇಸಿಎಂ ಲೇಬಲ್, ನಂಬರ್ 1256, 1983. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಆಗಿನ ಜರ್ಮನ್ ಪ್ರೆಸ್ಸಿಂಗ್ ಎಲ್‌ಪಿಗಳು ಯುರೋಪಿನ ಹಳೇ ಅಂಗಡಿಗಳಲ್ಲಿ ಸಿಗ್ತವೆ, ಸದ್ದು ಬಹಳ ಸ್ವಚ್ಛ. ಇಸಿಎಂ 2017ರ ನವೆಂಬರ್‌ವರೆಗೆ ಸ್ಟ್ರೀಮಿಂಗ್‌ಗೆ ಬಂದೇ ಇರಲಿಲ್ಲ. 2023ರಿಂದ ಲುಮಿನೆಸೆನ್ಸ್ ಅಂತ ಎಲ್‌ಪಿ ಸರಣಿ ಶುರು ಮಾಡಿದ್ದಾರೆ. ‘ಜ್ಯೋತಿ’ಯನ್ನೂ ಅದರಲ್ಲಿ ತರಬೇಕು ಅನ್ನೋದು ನನ್ನ ಆಸೆ.

ಬೆಳ್ಳಿಬಿಲ್ಲೆ

ಸಿಡಿ ಕೊಳ್ಳೋರಿಗೆ ನಾಲ್ಕು ಮಾತು. ಈಗ ರೇಟ್ ಬಿದ್ದಿರೋದ್ರಿಂದ ಇದೇ ಸಮಯ.

ಮೊದಲು ತಟ್ಟೆಯ ಬಣ್ಣ ನೋಡಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ಒತ್ತಿದ ಸಿಡಿಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗ್ತವೆ. ಸಿಡಿ ಮೇಲೆ ಬಳಿಯೋ ರಕ್ಷಣೆಯ ಲೇಪ ಸರಿ ಇಲ್ಲದೆ, ಕಾಗದದ ಗಂಧಕ ಒಳಗಿನ ಪದರಕ್ಕೆ ತಾಗಿ ಹಾಳಾಗೋದು. ಒಳಗಿನ ರಿಂಗ್‌ನಲ್ಲಿ ಕಾರ್ಖಾನೆ ಹೆಸರು ಇರುತ್ತೆ, ಓದಿ. ಹಳೇ ಡಬಲ್ ಸಿಡಿ ಡಬ್ಬಿಗಳಲ್ಲಿ ಫೋಮ್ ಹಾಳೆ ಇದ್ರೆ ತೆಗೆದು ಎಸೀರಿ, ಕರಗಿ ಅಂಟಿಕೊಳ್ಳುತ್ತೆ.

ಎರಡು, ರಿಪ್ ಮಾಡುವಾಗ (ಸಿಡಿಯನ್ನ ಕಂಪ್ಯೂಟರ್‌ಗೆ ಇಳಿಸುವಾಗ) ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸೆಕ್ಯೂರ್ ಮೋಡ್ ಹಾಕಿ, ಬೇರೆಯವರ ರಿಪ್ ಲೆಕ್ಕ ಇರೋ ಆಕ್ಯುರೇಟ್‌ರಿಪ್ ಜೊತೆ ತಾಳೆ ನೋಡಿ, ದನಿ ಕಳೆಯದ ಫ್ಲ್ಯಾಕ್ ಫೈಲ್ ಮಾಡಿ. 45 ನಿಮಿಷದ ಆಲ್ಬಮ್ 250ರಿಂದ 300 ಎಂಬಿ. ಎಂಬತ್ತರ ದಶಕದ ಜಪಾನ್ ಸಿಡಿ ರಿಪ್ ಮಾಡಿದ ಮೇಲೆ ಸಿಂಬಲ್ ಚುಚ್ಚೋ ಹಾಗೆ ಕೇಳಿದ್ರೆ ಅದು ಪ್ರಿ-ಎಂಫಸಿಸ್, ಅಂದ್ರೆ ಸಿಡಿ ಮಾಡುವಾಗಲೇ ತಾರ ದನಿ ಏರಿಸಿಟ್ಟಿರೋದು. ಪ್ಲೇಯರ್ ತಾನೇ ಸರಿಮಾಡುತ್ತೆ, ರಿಪ್ ಮಾಡೋ ಕಂಪ್ಯೂಟರ್ ಮಾಡಲ್ಲ. ಸಾಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡಿಎಂಫ್ ಫಿಲ್ಟರ್ ಹಾಕಿದ್ರೆ ಸರಿ ಹೋಗುತ್ತೆ.

ಕೊನೇದು ಮೊಸೇಕ್ ರೆಕಾರ್ಡ್ಸ್ ಬಾಕ್ಸ್‌ಗಳು. ಮೈಕೆಲ್ ಕಸ್ಕೂನ, ಚಾರ್ಲಿ ಲೌರಿ ಕಟ್ಟಿದ ಕಂಪನಿ. ಲೈಸೆನ್ಸ್ ಇರೋ ತನಕ, ಎಣಿಸಿ ಇಷ್ಟೇ ಅಂತ ಬಿಡ್ತಾರೆ. ಖಾಲಿ ಆದ ಮೇಲೆ ಬೆಲೆ ಏರೋ ಸಿಡಿ ಅಂದ್ರೆ ಇವೇ.

ಹಾರ್ಡ್‌ಬಾಪ್_ಹುಬ್ಬಳ್ಳಿ

ಎಲ್ಲಾ ಸರಿ, ಆದ್ರ ಅನಲಾಗ್ ದನಿ ಡಿಜಿಟಲ್‌ನ್ಯಾಗ ಬರೂದಿಲ್ಲ. ಕಿವಿ ಇದ್ದವ್ರಿಗೆ ತಿಳೀತೈತಿ.

ಬೆಳ್ಳಿಬಿಲ್ಲೆ

ತಿಳಿಯುತ್ತಾ? ದುಬಾರಿ ರೀಇಶ್ಯೂ ಮಾಡೋ ಅಮೆರಿಕದ ಮೊಬೈಲ್ ಫಿಡೆಲಿಟಿಯವರು ಎಲ್‌ಪಿ ಕಟ್ ಮಾಡೋಕೆ ವರ್ಷಗಟ್ಟಲೆ ಡಿಎಸ್‌ಡಿ ಅನ್ನೋ ಡಿಜಿಟಲ್ ಫೈಲ್ ಬಳಸ್ತಿದ್ರು ಅಂತ 2022ರ ಜುಲೈನಲ್ಲಿ ಹೊರಬಂತು. ಅಲ್ಲಿ ತನಕ ಅದೇ ಪ್ಲೇಟುಗಳನ್ನ ಅನಲಾಗ್‌ನ ಶಿಖರ ಅಂತ ಹೊಗಳಿದವರು ಕಡಿಮೆ ಇರಲಿಲ್ಲ. ಕೊಂಡವರು ಹಾಕಿದ ಕೇಸು 2.5 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗೀತು. ನನ್ನ ತಕರಾರು ಡಿಜಿಟಲ್ ಬಳಸಿದ್ದಕ್ಕಲ್ಲ, ಹೇಳದೇ ಇದ್ದದ್ದಕ್ಕೆ. ಯಾವ ಟೇಪ್, ಯಾರ ಕಟ್, ಯಾವ ಕಾರ್ಖಾನೆ, ಈ ಮೂರು ಗೊತ್ತಾದರೆ ಎಲ್‌ಪಿನೋ ಸಿಡಿನೋ ಅನ್ನೋ ಜಗಳ ಅರ್ಧ ಮುಗಿಯುತ್ತೆ.

ಹಾರ್ಡ್‌ಬಾಪ್_ಹುಬ್ಬಳ್ಳಿ

ಕೊನೇ ಮಾತು ಒಪ್ಪಿದೆ.

ಸೂಜಿಮೊನೆ

ಹೊಸ ಪ್ಲೇಟ್ ಬಂದ ಕೂಡಲೇ ನೋಡಬೇಕಾದ್ದು ಮಧ್ಯದ ತೂತು. ತೂತು ಸ್ವಲ್ಪ ಪಕ್ಕಕ್ಕೆ ಬಿದ್ದಿದ್ದರೆ ಶ್ರುತಿ ತೂಗುತ್ತದೆ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್, ಅದೇ ಅಂತರದಲ್ಲಿ ಪಿಯಾನೋದ ಉದ್ದ ಸ್ವರ ಮೇಲೆ ಕೆಳಗೆ ಆಗುತ್ತದೆ. ಡ್ರಮ್ ಜೋರಿರುವ ಪ್ಲೇಟ್‌ನಲ್ಲಿ ಗೊತ್ತಾಗದು, ಪಿಯಾನೋ ವಾದಕ ಬಿಲ್ ಎವಾನ್ಸ್ ಟ್ರಯೋ ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ಕೊನೆಯ ಖಾಲಿ ಸುತ್ತಿನಲ್ಲಿ ಟೋನ್‌ಆರ್ಮ್ ಅತ್ತಿತ್ತ ತೂಗುತ್ತಿದೆಯಾ ನೋಡಿ. ಇನ್ನೊಂದು ದೋಷ ನಾನ್-ಫಿಲ್: ಬಟ್ಟೆ ಹರಿದಂಥ ‘ಝರ್ರ್’ ಸದ್ದು, ಒಂದೇ ಚಾನೆಲ್‌ನಲ್ಲಿ. ಒತ್ತುವಾಗ ಬಿಸಿ ಪಿವಿಸಿ ಗ್ರೂವ್ ತುಂಬ ಸೇರದೆ ಆಗುವುದು. ಅದು ತೊಳೆದರೆ ಹೋಗುವುದಿಲ್ಲ. ವಾಪಸ್ ಕಳಿಸಿ.

ನ್ಯೂಜೆರ್ಸಿ_ಕನ್ನಡತಿ

ಇಲ್ಲಿಂದ ಊರಿಗೆ ಟರ್ನ್‌ಟೇಬಲ್ ಒಯ್ಯೋರು ಗಮನಿಸಿ. ಹಳೇ ಬೆಲ್ಟ್ ಡ್ರೈವ್‌ಗಳಲ್ಲಿ ಎಸಿ ಸಿಂಕ್ರೊನಸ್ ಮೋಟಾರ್ ಇದ್ದರೆ ವೇಗ ಕರೆಂಟಿನ ಹರ್ಟ್ಸ್ ಮೇಲೆ ನಿಂತಿರುತ್ತೆ. ಇಲ್ಲಿ 60, ಅಲ್ಲಿ 50. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಹರ್ಟ್ಸ್ ಬದಲಿಸಲ್ಲ. 33⅓ ಬದಲು ಸುಮಾರು 27.8ರಲ್ಲಿ ತಿರುಗುತ್ತೆ. 50 ಹರ್ಟ್ಸ್‌ನ ಪುಲ್ಲಿ ಹಾಕಿಸಬೇಕು. ಡಿಸಿ ಮೋಟಾರ್ ಇದ್ದರೆ, ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಇದ್ದರೆ ಈ ತೊಂದರೆ ಇಲ್ಲ, ವೋಲ್ಟೇಜ್ ಮಾತ್ರ ನೋಡಿಕೊಳ್ಳಿ.

ಕಡಲತೀರ_45

ನಮ್ಮಲ್ಲಿ ಮಳೆಗಾಲದಲ್ಲಿ ಜಾಕೆಟ್ ಎಲ್ಲ ಬೂಸ್ಟು ಹಿಡೀತದೆ. ಪ್ಲೇಟಿನ ಮೇಲೆಯೂ ಬಿಳಿ ಚುಕ್ಕಿ. ಎಂತ ಮಾಡುದು?

ಸೂಜಿಮೊನೆ

ಕಡಲತೀರದವರೇ, ಎರಡು ಬೇರೆ ಬೇರೆ ಕೆಲಸ.

ತೊಳೆಯಲು: ಡಿಸ್ಟಿಲ್ಡ್ ವಾಟರ್ ಮೂರು ಪಾಲು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಲೀಟರಿಗೆ ಕೆಲವೇ ಹನಿ ಬಣ್ಣ ವಾಸನೆ ಇಲ್ಲದ ವೆಟ್ಟಿಂಗ್ ಏಜೆಂಟ್. ಲೇಬಲ್‌ಗೆ ನೀರು ತಾಗಬಾರದು. ಮೃದು ಬ್ರಷ್‌ನಲ್ಲಿ ಗ್ರೂವ್ ಹೋದ ದಿಕ್ಕಿಗೇ ಉಜ್ಜಿ, ಆಮೇಲೆ ಬರೀ ಡಿಸ್ಟಿಲ್ಡ್ ನೀರಲ್ಲಿ ಇನ್ನೊಮ್ಮೆ. ಈ ಎರಡನೇ ತೊಳೆತ ಬಿಟ್ಟರೆ ಉಳಿದ ಸೋಪು ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಸುಣ್ಣದಂಶ ಗ್ರೂವ್‌ನಲ್ಲಿ ಕೂತರೆ ಬೂಸ್ಟಿಗಿಂತ ಕೆಟ್ಟದ್ದು. 78ರ ಅರಗಿನ ಪ್ಲೇಟಿಗೆ ಆಲ್ಕೋಹಾಲ್ ಮುಟ್ಟಿಸಲೇಬೇಡಿ, ಕರಗಿಹೋಗುತ್ತದೆ.

ಇಡಲು: ತೇವಾಂಶ ಶೇ 50ರ ಒಳಗೆ ಇರಬೇಕು. ಮುಚ್ಚಿದ ಕಪಾಟಿನಲ್ಲಿ ಹೈಗ್ರೋಮೀಟರ್ ಇಟ್ಟು ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ಒಳಗೆ ಪಾಲಿಥೀನ್ ಕವರ್. ದಪ್ಪ ಪಿವಿಸಿ ಕವರ್ ಇದ್ದರೆ ಇವತ್ತೇ ತೆಗೆಯಿರಿ, ಅದು ಬಿಡುವ ಎಣ್ಣೆಯಂಶ ಪ್ಲೇಟಿನ ಮೇಲೆ ಮಂಜಿನಂಥ ಪೊರೆ ಕಟ್ಟುತ್ತದೆ, ಅದು ಹೋಗುವುದಿಲ್ಲ.

ಮಲ್ಲೇಶ್ವರಂ_ಮೋನೋ

ಬಡಗಿಗೆ ಹೇಳಿ ಕಪಾಟು ಮಾಡಿಸೋದಾದ್ರೆ ಅಳತೆ?

ಹಾರ್ಡ್‌ಬಾಪ್_ಹುಬ್ಬಳ್ಳಿ

ಒಳ ಅಳತೆ 34 ಸೆಂ.ಮೀ. ಎತ್ತರ, 34 ಆಳ. ಜಾಕೆಟ್ ಸಮೇತ ಒಂದು ಎಲ್‌ಪಿ 250–300 ಗ್ರಾಂ, ಒಂದು ಮೀಟರಿಗೆ 230ರಿಂದ 260 ಹಿಡೀತಾವ. ಅಂದ್ರ ಮೀಟರಿಗೆ ಸುಮಾರು 58–78 ಕೆ.ಜಿ. ಆತು. 18 ಮಿ.ಮೀ. ಪ್ಲೈವುಡ್ ಹಾಕ್ರಿ, 40 ಸೆಂ.ಮೀ.ಗೊಂದು ನೆಟ್ಟಗಿನ ಪಟ್ಟಿ ಇರಲಿ, ಇಲ್ಲಾಂದ್ರ ಹಲಗಿ ಬಾಗತೈತಿ. ಪ್ಲೇಟ್ ನೆಟ್ಟಗ ನಿಲ್ಲಬೇಕು. ಓರೆ ಇಟ್ರ ಬಾಗತಾವ, ಒಂದರ ಮ್ಯಾಲೊಂದು ಮಲಗಿಸಿದ್ರೂ ಕೆಡತಾವ.

ಮಲ್ಲೇಶ್ವರಂ_ಮೋನೋ

ಎಲ್ಲರಿಗೂ ಧನ್ಯವಾದ. ಆ 1577 ಬಿಟ್ಟೆ. ರನ್‌ಔಟ್ ಫೋಟೋದಲ್ಲಿ ‘ಪಿ’ ಇಲ್ಲ. ಮೋನೋ ಟೋನ್ ಪೊಯೆಟ್ ತಗೋತೀನಿ. ಕೊನೇ ಪ್ರಶ್ನೆ: ಹೊಸ ಮೋನೋ ರೀಇಶ್ಯೂಗೆ ಮೋನೋ ಕಾರ್ಟ್ರಿಜ್ (ಮುಳ್ಳು ಕೂತಿರೋ ತುದಿಯ ಭಾಗ) ಬೇಕೇ ಬೇಕಾ?

ಸೂಜಿಮೊನೆ

ಬೇಕಿಲ್ಲ. ಹೊಸ ಮೋನೋ ಪ್ಲೇಟ್‌ಗಳನ್ನು ಸ್ಟೀರಿಯೋ ಹೆಡ್‌ನಲ್ಲೇ ಕಟ್ ಮಾಡಿರುತ್ತಾರೆ, ನಿಮ್ಮ ಸ್ಟೀರಿಯೋ ಮುಳ್ಳೇ ಸಾಕು. ಆಂಪ್ಲಿಫೈಯರ್‌ನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ, ಮೇಲೆ ಕೆಳಗಿನ ಅಲುಗಾಟದ ಸದ್ದು ರದ್ದಾಗಿ ಚರಚರ ತಗ್ಗುತ್ತದೆ. ಐವತ್ತರ ದಶಕದ ಮೂಲ ಮೋನೋ ಕೊಂಡಾಗ 25 ಮೈಕ್ರಾನಿನ ಮುಳ್ಳು ಇರುವ ಮೋನೋ ಕಾರ್ಟ್ರಿಜ್ ನೋಡಿ. ಆದರೆ ಲಂಬವಾಗಿ ಅಲುಗಾಡದ ಹಳೇ ಮಾದರಿಯದ್ದನ್ನು ಸ್ಟೀರಿಯೋ ಪ್ಲೇಟಿನ ಮೇಲೆ ಇಡಬೇಡಿ, ಗ್ರೂವ್ ಕೆತ್ತಿಹೋಗುತ್ತದೆ.